ಬಿಂದುಶ್ರೀಗೆ ಇಳಿಸಿದ ಸೇಬಿನ ಹಾರ

ನಮ್ಮ ಕೆಂಗೇರಿಯ ಬಿಂದುಶ್ರೀ ಸೈಕಲ್ ರೇಸನ್ನೇ ಉದ್ಯೋಗ ಮಾಡಿಕೊಂಡಾಗ ಬೀದಿಗೆ ಬೀದಿಯೇ ಮರುಗಿತು. ಕತ್ತಲಲ್ಲೇ ಎದ್ದು ಬಿಡದಿ ದಾಟಿ ಹೋಗಿಬರುತ್ತಿದ್ದಳು. ಅವಳು ವಾಪಸು ಬಂದು ಗೇಟು ಹಾಕಿದ ಮೇಲೇ ಸೂರ್ಯ ಹುಟ್ಟುವುದೆಂದು ನಮ್ಮ ಹಾಲಿನವನು ಇವತ್ತಿಗೂ ನಂಬಿದ್ದಾನೆ.

"ಹೊಲ ಎಲ್ಲ ಸೈಟ್ ಮಾಡಿ ಮಾರಿದ ಮನೆ. ಮಗಳಿಗೊಂದು ಸ್ಕೂಟಿ ಕೊಡ್ಸಕ್ಕಾಗ್ಲಿಲ್ವೇನೇ ನಿಮ್ಮಪ್ಪಂಗೆ?" ಎಂದು ಎದುರುಮನೆ ಚಿಕ್ಕಗಂಗಮ್ಮ ಕೇಳಿದರು.

"ಪೆಟ್ರೋಲ್ ವಾಸನೆ ಆಗಲ್ಲ ಆಂಟಿ," ಎಂದಳು ಬಿಂದುಶ್ರೀ.

ಅವಳ ದೊಡ್ಡಪ್ಪ ಕಾಂತರಾಜು, ಯಾವಾಗ ಬರುತ್ತದೋ ದೇವರಿಗೂ ತಿಳಿಯದ ನಗರಪಾಲಿಕೆ ಚುನಾವಣೆಗೆ ಈಗಿನಿಂದಲೇ ಕೈಮುಗಿದುಕೊಂಡು ಓಡಾಡುವವರು. ಅವಳು ರೇಸಿಗೆ ತೊಡುವ ಚಡ್ಡಿಯಿಂದ ವಂಶದ ಮಾನ ಹೋಯಿತೆಂದು ವರ್ಷಗಟ್ಟಲೆ ಮಾತು ಬಿಟ್ಟಿದ್ದರು. ಪೇಪರಿನಲ್ಲಿ ಅವಳ ಫೋಟೋ ಬಂದ ದಿನ ಹೋದ ಮಾನ ಆಟೋ ಮಾಡಿಕೊಂಡು ವಾಪಸು ಬಂತು.

ಹೋದ ವರ್ಷದ ದೊಡ್ಡ ರೇಸು ರಾಮನಗರದಾಚೆ ಹೊರಟು, ಕೆಂಗೇರಿ ಹಾದು, ರಾಜರಾಜೇಶ್ವರಿನಗರದ ಕಮಾನಿನ ಹತ್ತಿರ ಮುಗಿಯುವಂಥದ್ದು. ಗೆದ್ದವಳನ್ನು ಬೆಲ್ಜಿಯಂನ ತಂಡವೊಂದು ಸಂಬಳಕ್ಕೆ ಸೇರಿಸಿಕೊಳ್ಳುತ್ತಿತ್ತು. ಜಾಗ ಒಂದೇ. ಬಿಂದುಶ್ರೀಗೆ ಮೂವತ್ತು ಹತ್ತಿರ. ಈ ಸಲ ತಪ್ಪಿದರೆ ಇನ್ನು ಯಾವ ತಂಡವೂ ಕರೆಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಕೆಂಗೇರಿಗೆ ಬರುವಾಗ ಅವಳು ಮುಂದೆ, ವಿಜಯಪುರದ ರಕ್ಷಾ ಅವಳ ಹಿಂದೆ ಅಂಟಿಕೊಂಡು. ಉಳಿದವರು ಕಣ್ಣಿಗೇ ಕಾಣದಷ್ಟು ದೂರ. ನಡುರಸ್ತೆಯಲ್ಲಿ ನಿಂತಿತ್ತು ಕಾಂತರಾಜು ತರಿಸಿದ್ದ ಕ್ರೇನು. ಅದರ ತುದಿಯಲ್ಲಿ ಸೇಬಿನ ಹಾರ. ಆ ವಾರ ಕಾಶ್ಮೀರದವರೇ ಸೇಬಿಲ್ಲದೆ ಬಾಳೆಹಣ್ಣು ತಿಂದರಂತೆ.

"ಬಿಂದು, ಒಂದೇ ನಿಮಿಷ ಕಣೇ, ಎರಡು ಮಾತಾಡಿ ಬಿಡ್ತೀನಿ," ಎಂದರು ಕಾಂತರಾಜು, ಮೈಕಿನಲ್ಲಿ. ಅವರ ಎರಡು ಮಾತು ಕೇಳಲು ಕೂಸನ್ನು ಎತ್ತಿಕೊಂಡು ಬಂದವರು ಆ ಕೂಸಿನ ಮದುವೆಗೆ ನೇರ ಅಲ್ಲಿಂದಲೇ ಹೋದದ್ದುಂಟು.

"ಆಮೇಲೆ ದೊಡ್ಡಪ್ಪ," ಎಂದು ಬಿಂದುಶ್ರೀ ತಲೆ ಬಗ್ಗಿಸಿ ಹಾರದ ಕೆಳಗೇ ನುಗ್ಗಿಹೋದಳು. ಇಳಿಯುತ್ತಿದ್ದ ಹಾರ ಹಿಂದೆ ಬಂದ ರಕ್ಷಾಳ ಕೊರಳಿಗೆ ಬಿತ್ತು. ಯಾರೋ ಪೇಟ ತೊಡಿಸಿದರು, ಶಾಲು ಹೊದಿಸಿದರು.

"ನಾ ಅಕಿ ಅಲ್ರೀ, ಬಿಡ್ರೀ," ಎಂದಳು ರಕ್ಷಾ.

"ಯಾರಾದ್ರೇನಮ್ಮ, ಹಾರ ಇಳಿದಾಗಿದೆ. ಈ ಕಡೆ ನೋಡು, ಫೋಟೋ," ಎಂದರು ಕಾಂತರಾಜು.

ಬಿಂದುಶ್ರೀ ತಿರುಗಿ ನೋಡಿದರೆ ಹಿಂದೆ ಯಾರೂ ಇಲ್ಲ. ಬೆಲ್ಜಿಯಂ ಎದುರಿಗೇ ಬಾಗಿಲು ತೆಗೆದು ನಿಂತಿತ್ತು. ಸುಮ್ಮನೆ ತುಳಿದಿದ್ದರೆ ಸಾಕಿತ್ತು. ಆದರೆ ಹೀಗೆ ಗೆದ್ದರೆ, ಗೆಲ್ಲಿಸಿದ್ದು ನನ್ನ ಸೇಬು ಎಂದು ದೊಡ್ಡಪ್ಪ ಸಾಯುವ ತನಕ ಮೈಕಿನಲ್ಲಿ ಹೇಳುತ್ತಾರೆ. ಆ ಯೋಚನೆಗೇ ಅವಳ ಕಾಲು ನಿಂತವು. ತರಕಾರಿ ಗಾಡಿಯವನೂ ಹಿಂದೆ ಹಾಕುವಷ್ಟು ನಿಧಾನವಾದಳು.

ಕೊನೆಗೆ ರಕ್ಷಾ ಬಂದಳು, ಪೇಟದ ಸಮೇತ.

"ಯಾಕ್ ನಿಂತಿದ್ದಿ?"

"ಆ ಹಾರ ನಂದು. ನಿನ್ ತಲೆಗೆ ಕಟ್ಟಿ ಹೋಗಕ್ಕೆ ಮನಸ್ಸಾಗ್ಲಿಲ್ಲ. ಪೇಟ ಬಿಸಾಕು, ಈಗ ಹೋಗಣ."

ಕಮಾನಿನ ತನಕ ಇಬ್ಬರೂ ತುಳಿದ ರಭಸಕ್ಕೆ ಮೇಲೆ ಹೋಗುತ್ತಿದ್ದ ಮೆಟ್ರೋ ರಿವರ್ಸಿನಲ್ಲಿದ್ದಂತೆ ಕಂಡಿತು. ಬಿಂದುಶ್ರೀ ಒಂದು ಟೈರಿನ ಅಂತರದಲ್ಲಿ ಗೆದ್ದಳು.

ಮಾರನೆಯ ದಿನ ಕೆಂಗೇರಿಯಲ್ಲಿ ಫ್ಲೆಕ್ಸ್ ಎದ್ದಿತು: "ಕೆಂಗೇರಿಯ ಹೆಮ್ಮೆಯ ಮಗಳಿಗೆ ಅಭಿನಂದನೆ." ನಡುವೆ ಆನೆಗಾತ್ರದ ಕಾಂತರಾಜು. ಪಕ್ಕದಲ್ಲಿ ಪೇಟ, ಶಾಲು, ಸೇಬಿನ ಹಾರದೊಳಗೆ ರಕ್ಷಾ. ಕಾಂತರಾಜು ಜೊತೆ ಫೋಟೋಕ್ಕೆ ನಿಂತವಳು ಅವಳೊಬ್ಬಳೇ ತಾನೆ.

ಬೆಲ್ಜಿಯಂಗೆ ಹೊರಡುವ ಮುಂಜಾನೆ ಬಿಂದುಶ್ರೀ ಕೊನೆಯ ಸಲ ಆ ದಾರಿಯಲ್ಲಿ ಬಂದು, ಸೈಕಲ್ ನಿಲ್ಲಿಸಿ, ಫ್ಲೆಕ್ಸಿನಲ್ಲಿ ತನ್ನನ್ನು ಹುಡುಕಿದಳು. ಸಿಕ್ಕಳು. ಕೆಳಗಿನ ಸಾಲಿನಲ್ಲಿ, ಅಂಚೆಚೀಟಿಯಷ್ಟು, 'ಶುಭ ಕೋರುವವರು' ಗುಂಪಿನಲ್ಲಿ.