ಅಂಗಿ ಎತ್ತಿ ತೋರಿಸಿದ ಸೊಂಟಪಟ್ಟಿ

ಯುದ್ಧ ನಡೆಯುತ್ತಿದ್ದ ಕಾಲ. ಹಂಗಾರಕಟ್ಟೆಯ ಹೊಳೆಬದಿಯಲ್ಲಿ ಸರಕು ಸಾಗಿಸುವ ಮಂಜಿ ಎಂಬ ದೊಡ್ಡ ಹಾಯಿದೋಣಿಗಳನ್ನು ಕಟ್ಟಿಸುತ್ತಿದ್ದ ಒಬ್ಬ ಧಣಿಯ ಹತ್ತಿರ ನಾನು ಬಡಗಿಯಾಗಿದ್ದೆ. ಒಂದು ಬೆಳಿಗ್ಗೆ ನಾಲ್ವರು ಹೊರಬೇಕಾದ ಹಲಗೆಯನ್ನು ಇಬ್ಬರಿಂದ ಹೊರಿಸಿದ. ಜೊತೆಗಾರನ ಕಾಲು ಕೆಸರಿನಲ್ಲಿ ಜಾರಿತು. ಭಾರವೆಲ್ಲ ನನ್ನ ಕಡೆ ಬಂದು ಸೊಂಟ ಛಳಕ್ಕೆಂದಿತು. ನನ್ನನ್ನು ಮನೆಗೆ ಎತ್ತಿಕೊಂಡೇ ತಂದರು.

ಐದನೆಯ ದಿನ ಧಣಿ ಬಂದ. ಕೈಯಲ್ಲೊಂದು ಸೊಂಟಪಟ್ಟಿ. ದಪ್ಪ ಕ್ಯಾನ್ವಾಸು, ಬೆನ್ನಿನ ಕಡೆ ಉಕ್ಕಿನ ಪಟ್ಟಿಗಳು, ಮುಂದೆ ಮೂರು ಬಕಲು. ಅವನ ಭಾವ ಬೊಂಬಾಯಿಯಿಂದ ಅವನಿಗೆಂದೇ ತಂದದ್ದು. ಅವನ ಡೊಳ್ಳುಹೊಟ್ಟೆಯ ಮೇಲೆ ಒಂದು ಬಕಲೂ ಕೂಡದೆ ಮೂಲೆಗೆ ಬಿದ್ದಿತ್ತು.

"ಕಟ್ಕೊ ಮಾರಾಯ. ನಾಳೆಂದ ಕೆಲ್ಸಕ್ಕೆ ಬಾ," ಎಂದ.

ಕಟ್ಟಿಕೊಂಡಾಗ ನೋವು ನಿಜಕ್ಕೂ ಇಳಿಯಿತು, ಸುಳ್ಳು ಹೇಳಲಾರೆ. ಆದರೂ ಬ್ರಹ್ಮಾವರದ ಡಾಕ್ಟರಿಗೆ ತೋರಿಸಿದೆ.

"ಕಟ್ಕಂಡ್ ನಿಧಾನ ನಡೀರಿ. ಮಲ್ಕಂಬ ಹೊತ್ತಿಗೆ ಬಿಚ್ಚಿ. ಭಾರ ಮಾತ್ರ ಎತ್ತುಕಾಗ," ಎಂದರು ಅವರು.

ಅದನ್ನು ಧಣಿಗೆ ಹೇಳಿದರೆ ಅವನು ನಕ್ಕ. "ಭಾರ ಎತ್ತುಕಾಗ್ದಿದ್ರೆ ಪಟ್ಟಿ ಎಂತಕೆ? ಚಂದಕ್ಕಾ?" ಎಂದು ಮತ್ತೆ ಹಲಗೆಯ ಕಡೆಗೇ ಅಟ್ಟಿದ.

ಅಷ್ಟೇ ಆಗಿದ್ದರೆ ಸಹಿಸುತ್ತಿದ್ದೆನೋ ಏನೋ. ಕುಂದಾಪುರದಿಂದ ವ್ಯಾಪಾರಿಗಳು ಬಂದರೆ ಸಾಕು, "ಹ್ವಾಯ್, ಬಾ ಇಲ್ಲಿ! ಅಂಗಿ ಎತ್ತ್, ಇವ್ರೂ ಕಾಣ್ಲಿ," ಎಂದು ಕೂಗುತ್ತಿದ್ದ. ನಾನು ಸಂತೆಯ ಎತ್ತಿನ ಹಾಗೆ ತಿರುಗಿ ನಿಲ್ಲುತ್ತಿದ್ದೆ. "ಕೆಲ್ಸದವ್ರ ಕಷ್ಟ ಕಂಡ್ರೆ ನಂಗೆ ತಡೂದಿಲ್ಲೆ," ಎಂದು ಅವನು ಕಣ್ಣು ತೇವ ಮಾಡಿಕೊಳ್ಳುತ್ತಿದ್ದ. ಅಂಥ ಕಣ್ಣೀರು ಅವನಿಗೆ ಬೆವರಿಗಿಂತ ಬೇಗ ಬರುತ್ತಿತ್ತು. ಬಂದವರು ಬಕಲು ಮುಟ್ಟಿ ನೋಡಿ ತಲೆದೂಗುತ್ತಿದ್ದರು. ಸೊಂಟ ಹೇಗಿದೆ ಎಂದು ಒಬ್ಬ ಪುಣ್ಯಾತ್ಮನೂ ಕೇಳಲಿಲ್ಲ.

ಮಂಜಿಯನ್ನು ನೀರಿಗಿಳಿಸುವ ದಿನ ಧಣಿಯ ಬೈಂದೂರಿನ ನೆಂಟರೂ ಬಂದಿದ್ದರು. ಬೆಳಗಿನಿಂದ ದಿಮ್ಮಿ ಉರುಳಿಸಿ ನನ್ನ ಎಡಗಾಲು ಜೋಮು ಹಿಡಿದಿತ್ತು. ಮತ್ತೆ ಅದೇ ಕೂಗು. ಹೋದೆ. ಅಂಗಿ ಎತ್ತಿದೆ. ಒಂದೊಂದೇ ಬಕಲು ಬಿಚ್ಚಿ, ಬೆವರಿನಿಂದ ನೆನೆದ ಆ ಪಟ್ಟಿಯನ್ನು ಅವನ ಇಸ್ತ್ರಿ ಮಾಡಿದ ಶಾಲಿನ ಮೇಲಿಟ್ಟೆ.

"ಒಡೇರೆ, ಇನ್ ನೀವೇ ಕಟ್ಕಣಿ. ಕಟ್ಕಂಡ್ ಒಂದ್ ಹಲ್ಗಿ ಹೊತ್ತ್ ಕಾಣಿ."

ನೆಂಟರಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಾನು ಮನೆಯ ದಾರಿ ಹಿಡಿದೆ, ಹಿಂತಿರುಗಿ ನೋಡಲಿಲ್ಲ. ಗತ್ತಿನಿಂದಲ್ಲ, ಸೊಂಟ ತಿರುಗುತ್ತಿರಲಿಲ್ಲ.

ಮನೆ ತಲುಪುವಷ್ಟರಲ್ಲಿ ಎರಡಾಗಿ ಬಾಗಿಹೋಗಿದ್ದೆ. ಹೆಂಡತಿ ಹಳೆಯ ಸೀರೆಯನ್ನು ಮಡಿಸಿ ಸೊಂಟಕ್ಕೆ ಬಿಗಿದಳು. ನಡೆದದ್ದನ್ನೆಲ್ಲ ಕೇಳಿ, "ಇವತ್ ಮಾಡದ್ ಸಮ ಆಯ್ತ್. ಇಷ್ಟ್ ದಿನ ಎಂತಕೆ ಅಂಗಿ ಎತ್ಕಂಡ್ ನಿಂತಿರಿ ಹೇಳಿ?" ಎಂದಳು. ಧಣಿಯ ಮೇಲಿದ್ದ ಅಸಹ್ಯದಲ್ಲಿ ಅರ್ಧ ಪಾಲು ಅವತ್ತು ನನ್ನ ಮೇಲೇ ಬಂತು.

ಮಳೆಗಾಲ ಮುಗಿಯುವ ತನಕ ಮಲಗಿದ್ದು ಚೇತರಿಸಿಕೊಂಡೆ. ಆಮೇಲೆ ಮನೆಯ ಜಗಲಿಯಲ್ಲೇ ಕೂತು ಮಣೆ, ತೊಟ್ಟಿಲು ಮಾಡಿ ಬದುಕಿದೆ. ಧಣಿ ಸತ್ತು ಎಷ್ಟೋ ವರ್ಷವಾಯಿತು. ಬಡಗಿಗೆ ಬೊಂಬಾಯಿ ಪಟ್ಟಿ ಕೊಟ್ಟ ದೊಡ್ಡ ಮನುಷ್ಯ ಎಂದು ಈಗಲೂ ಯಾರಾದರೂ ಹೊಗಳುತ್ತಾರೆ. ಆಗ ನಾನು ಬಾಯಲ್ಲಿನ ಎಲೆಅಡಿಕೆ ಉಗಿಯಲು ಎದ್ದು ಹೋಗುತ್ತೇನೆ.