ಗಾಜಿಲ್ಲದ ಫೋಟೋ

ಫೋಟೋ ಅಚ್ಚು ಹಾಕುವ ಕಾಗದ ಕೊಳ್ಳಲು ಹೋಗುವವರು ಮೊದಲು ಕೈ ತೊಳೆದುಕೊಂಡು ಹೋಗಬೇಕು. ಇದನ್ನು ಅಂಗಡಿಯವರು ಹೇಳುವುದಿಲ್ಲ, ನಾನು ಹೇಳುತ್ತೇನೆ. ಬೆರಳಿನ ಎಣ್ಣೆ ಹತ್ತಿದ ಕಡೆ ಶಾಯಿ ಸರಿಯಾಗಿ ಕೂಡುವುದಿಲ್ಲ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಕಾಗದ ನೋಡಲೇಬೇಡಿ, ಬಾಗಿಲಿಗೆ ತನ್ನಿ. ಒಗೆದ ಧೋತರದ ಪಕ್ಕ ಹಿಡಿದಾಗ ನೀಲಿ ಮಿಂಚು ಹೊಡೆಯುವ ಕಾಗದ ಇವತ್ತು ಚೆಂದ ಕಾಣುತ್ತದೆ, ಕೆಲವು ಬೇಸಿಗೆ ಕಳೆದರೆ ಹಳದಿ ತಿರುಗುತ್ತದೆ. ಎರಡೂ ಮಗ್ಗುಲು ಒಂದೇ ಥರ ಕಂಡರೆ ಬೆರಳ ತುದಿ ಒದ್ದೆ ಮಾಡಿ ಮೂಲೆಗೆ ಒತ್ತಿ. ಅಂಟಿದ ಮಗ್ಗುಲೇ ಅಚ್ಚು ಹಾಕುವ ಮಗ್ಗುಲು. ಡಬ್ಬಿ ಕೊಳ್ಳುವ ಮೊದಲು ಬಿಡಿ ಹಾಳೆ ಕೇಳಿ. ಕೊಡುವುದಿಲ್ಲ ಅನ್ನುತ್ತಾರೆ. ಎದ್ದು ಚಪ್ಪಲಿ ಹಾಕಿಕೊಳ್ಳಿ, ಕೊಡುತ್ತಾರೆ.

ಇಷ್ಟೆಲ್ಲ ಗೊತ್ತಿದ್ದೂ ನನ್ನ ಮನೆಗೆ ಬೇಕಾದ ಒಂದು ಫೋಟೋಕ್ಕೆ ಕಾಗದ ಆರಿಸುವಾಗ ನಾನು ಒಂದು ಲೆಕ್ಕ ತಪ್ಪಿದೆ. ಅದನ್ನು ಬರೆಯಲು ಕುಳಿತಿದ್ದೇನೆ.

ಚಿಕ್ಕೋಡಿಯಲ್ಲಿ ನನ್ನದೊಂದು ಸ್ಟುಡಿಯೋ ಇದೆ. ಈಗ ಮದುವೆ ಫೋಟೋಗಳೆಲ್ಲ ಮೊಬೈಲಿನಲ್ಲೇ ಉಳಿದುಬಿಡುತ್ತವೆ. ಗೋಡೆಗೆ ಏರುವುದು ತೀರಿಕೊಂಡವರ ಫೋಟೋ ಮಾತ್ರ, ನನ್ನ ಅಂಗಡಿ ನಿಂತಿರುವುದೂ ಅದರ ಮೇಲೆಯೇ. ರಾಯಬಾಗ, ಕಾಗವಾಡದ ಕಡೆಯಿಂದಲೂ ಜನ ಬರುತ್ತಾರೆ. ಹೊಳಪು ಕಾಗದ, ಮೇಲೆ ಲ್ಯಾಮಿನೇಷನ್, ಅದರ ಮೇಲೆ ಗಾಜು. ನಮ್ಮ ಕಡೆ ಗಾಜು ಬೇಕೇ ಬೇಕು. ಯಾಕೆಂದರೆ ಅಮಾವಾಸ್ಯೆಗೋ ಶುಕ್ರವಾರಕ್ಕೋ ಫೋಟೋ ಇಳಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಗಂಡಸಾದರೆ ವಿಭೂತಿ, ಮುತ್ತೈದೆಯಾದರೆ ಕುಂಕುಮ ಹಚ್ಚಿ ಮತ್ತೆ ಏರಿಸುತ್ತಾರೆ. ಮುತ್ತೈದೆಯಾಗಿ ಹೋದವಳ ಹಣೆಯ ಕುಂಕುಮವನ್ನು ನಾನು ಕಂಪ್ಯೂಟರಿನಲ್ಲಿ ಇನ್ನಷ್ಟು ಕೆಂಪು ಮಾಡಿಕೊಡುತ್ತೇನೆ. ವಿಧವೆಯಾಗಿ ಹೋದವಳ ಹರೆಯದ ಫೋಟೋ ತಂದರೆ, ಕೇಳಿದವರಿಗೆ ಅದನ್ನು ಅಳಿಸಿಯೂ ಕೊಡುತ್ತೇನೆ. ಗಿರಾಕಿ ಕೇಳಿದ್ದನ್ನು ಕೊಡುವುದು ಧಂದೆ.

ಹೋದ ವರ್ಷದ ಮಳೆಗಾಲದಲ್ಲಿ ನನ್ನ ಅಕ್ಕ ತೀರಿಕೊಂಡಳು. ಕಾಮಾಲೆ ಅಂತ ಮಿರಜಿನ ದವಾಖಾನೆಗೆ ಕರೆದೊಯ್ದೆವು, ತಿರುಗಿ ಬರುವಾಗ ಗಾಡಿಯಲ್ಲಿ ಅವಳು ಮಲಗಿದ್ದಳು, ಅವ್ವ ಅವಳ ಕಾಲು ಹಿಡಿದುಕೊಂಡು ಕುಳಿತಿದ್ದಳು.

ಅಕ್ಕನ ಗಂಡ ಮದುವೆಯಾದ ಸ್ವಲ್ಪ ಕಾಲಕ್ಕೇ ಹೋಗಿಬಿಟ್ಟ. ಮಕ್ಕಳಿರಲಿಲ್ಲ. ಐಗಳಿಯ ನಮ್ಮ ಮನೆಗೆ ವಾಪಸು ಬಂದಳು. ಆ ದಿನ ಹಿರಿಯರು ಸುತ್ತ ಕೂತಿದ್ದರು. ನಮ್ಮ ಅಪ್ಪನ ಅಕ್ಕ, ಅಂದರೆ ನನ್ನ ಸೋದರತ್ತೆ, ‘ತಾಯಿ ಆದಾಕೀನೇ ಕುಂಕುಮ ಒರಸಬೇಕು’ ಅಂದಳು. ಅವ್ವ ತನ್ನ ಸೆರಗಿನಿಂದಲೇ ಅಕ್ಕನ ಹಣೆ ಒರೆಸಿದಳು. ನಾನು ಚಿಕ್ಕವನು, ಬಾಗಿಲಲ್ಲಿ ನಿಂತಿದ್ದೆ. ಅಕ್ಕ ಅಳಲಿಲ್ಲ, ಕಣ್ಣು ಮುಚ್ಚಿಕೊಂಡು ಮುಖ ಮುಂದೆ ಚಾಚಿದಳು, ಕೂಸು ಮೂಗು ಒರೆಸಿಸಿಕೊಳ್ಳುವ ಹಾಗೆ. ಆಮೇಲೆ ಆ ಹಣೆ ಖಾಲಿಯೇ ಇತ್ತು.

ಆಡು ಸಾಕಿದಳು, ಎಮ್ಮೆ ಕಟ್ಟಿದಳು, ನನ್ನನ್ನು ಓದಿಸಿದಳು. ಮುಗಳಖೋಡದ ಪೇಟೆಗೆ ಆಡು ಮಾರಲು ಹೋದಾಗ ನನ್ನನ್ನೂ ಕರೆದೊಯ್ಯುತ್ತಿದ್ದಳು. ಚೌಕಾಸಿ ನಾನು ಕಲಿತದ್ದು ಅವಳ ಬೆನ್ನ ಹಿಂದೆ ನಿಂತು. ‘ರೇಟ ಹೇಳಿದ ಮ್ಯಾಲ ಆಡಿನ ಮಾರಿ ನೋಡಬ್ಯಾಡ. ನೋಡಿದರ ನಿನಗ ಕನಿಕರ ಬರತೈತಿ, ಅವಂಗ ಅದು ಗೊತ್ತಾಗತೈತಿ’ ಅನ್ನುತ್ತಿದ್ದಳು. ನನ್ನ ಮೊದಲ ಕ್ಯಾಮೆರಾ ಅವಳ ಆಡುಗಳಿಂದ ಬಂದದ್ದು.

ಅವಳ ಫೋಟೋ ಅಂತ ನನ್ನಲ್ಲಿ ಇದ್ದದ್ದು ಒಂದೇ. ಹೊಸ ಕ್ಯಾಮೆರಾ ತಂದಾಗ ಊರಿಗೆ ಹೋಗಿದ್ದೆ. ಸಂಜೆ ಮುಂದೆ ಅವಳು ಮೇವಿನ ಬಣವೆ ಹತ್ತಿರ ಹುಲ್ಲು ಹಿರಿಯುತ್ತಿದ್ದಳು.

‘ಅಕ್ಕಾ, ಇತ್ತ ನೋಡು.’

‘ಯಾಕಲೇ, ಗಿರಾಕಿ ಸಿಗವಲ್ಲರೇನು ನಿನಗ? ಆಡಿಂದು ತಗಿ, ಮಾರಾಕರ ಬರತೈತಿ.’

ಅದನ್ನು ಹೇಳಿ ನಕ್ಕಳು. ಆ ನಗುವೇ ಸಿಕ್ಕಿದ್ದು. ಬಿಸಿಲು ಅಡ್ಡ ಬಿದ್ದು ಕಪ್ಪು ಕೆನ್ನೆ ತಾಮ್ರದ ಹಾಗೆ ಆಗಿತ್ತು, ಕೂದಲಲ್ಲಿ ಹುಲ್ಲಿನ ಎಳೆ.

ಅಕ್ಕ ತೀರಿಕೊಂಡು ಅವಳ ದಿನದ ಕಾರ್ಯ ಮುಗಿದ ಮೇಲೆ ಆ ಫೋಟೋವನ್ನೇ ದೊಡ್ಡದು ಮಾಡಿದೆ. ಕೈಗೆ ರೂಢಿಯಾದ ಹಾಗೆ ಬಣ್ಣ ಸ್ವಲ್ಪ ಬೆಳ್ಳಗೆ ಮಾಡಿ, ಹುಲ್ಲಿನ ಎಳೆ ತೆಗೆದು, ಹೊಳಪು ಕಾಗದ, ಗಾಜು, ಎಲ್ಲ ಹಾಕಿ ಒಯ್ದು ಪಡಸಾಲೆಯ ಗೋಡೆಗೆ ತೂಗುಹಾಕಿದೆ. ನಮ್ಮ ಮನೆ ಬಾಗಿಲು ಪೂರ್ವಕ್ಕೆ. ಎದುರಿನ ಗೋಡೆಗೆ ಬೆಳಕು ನೇರ ಬಡಿಯುತ್ತದೆ. ಅವ್ವನ ಕಣ್ಣಿಗೆ ಪೊರೆ ತೆಗೆಸಿದಾಗಿನಿಂದ ಝಳಪು ತಡೆಯುವುದಿಲ್ಲ. ಫೋಟೋದ ಮುಂದೆ ಹೋಗಿ ನಿಂತಳು, ಕೈ ಅಡ್ಡ ಹಿಡಿದಳು, ಆ ಕಡೆ ಈ ಕಡೆ ಸರಿದಳು.

‘ಇದರಾಗ ನಾನ ಕಾಣಾಕತ್ತೇನಿ ನೋಡು. ಆಕಿ ಎಲ್ಲಿ ಅದಾಳ?’

ಇಳಿಸಿ ಕೈಗೆ ಕೊಟ್ಟೆ. ಹತ್ತಿರ ಹಿಡಿದು ನೋಡಿದಳು.

‘ಇಕಿ ಯಾವಾಕೆಪಾ? ಇಷ್ಟ ಬೆಳ್ಳಗ ನಮ್ಮ ಮನಿತನದಾಗ ಯಾರ ಅದಾರ?’

ನೂರಾರು ಮನೆಗೆ ಫೋಟೋ ಮಾಡಿಕೊಟ್ಟವನು ನಾನು. ನನ್ನ ತಾಯಿ ತನ್ನ ಮಗಳನ್ನು ನೋಡುವಂಥದ್ದೊಂದು ನನ್ನ ಕೈಯಿಂದ ಆಗಲಿಲ್ಲ. ಫೋಟೋ ಬಗಲಲ್ಲಿ ಇಟ್ಟುಕೊಂಡು ಚಿಕ್ಕೋಡಿಗೆ ವಾಪಸು ಬಂದೆ. ದಾರಿಯುದ್ದಕ್ಕೂ ನನಗೆ ಬೇಕಾದದ್ದು ಇಷ್ಟೇ ಅನ್ನಿಸಿತು: ವರ್ಷದ ಪೂಜೆಯೊಳಗೆ ಅವ್ವ ಅಕ್ಕನನ್ನು ನೋಡಬೇಕು, ಅಕ್ಕನನ್ನೇ.

ನಿಪ್ಪಾಣಿಯಲ್ಲಿ ಒಬ್ಬ ಕಾಗದದ ವ್ಯಾಪಾರಿ ಇದ್ದಾರೆ, ಮದುವೆ ಪತ್ರಿಕೆಯ ಹಾಳೆಯಿಂದ ಹಿಡಿದು ಚಿತ್ರಕಾರರ ಕಾಗದದವರೆಗೆ ಇಡುತ್ತಾರೆ. ಅಜ್ಜನ ಕಾಲದಿಂದ ಅದೇ ಗಾದಿ, ಅದೇ ತಂಬಾಕಿನ ಓಣಿ. ಕೊಗನೊಳ್ಳಿ ದಾಟಿ ಕೊಲ್ಲಾಪುರಕ್ಕೆ ಹೋದರೆ ಇನ್ನೂ ಬಹಳ ಥರ ಸಿಗುತ್ತವೆ, ಆದರೆ ಬಿಡಿ ಹಾಳೆ ಕೊಡುವುದು ಇವರೇ.

‘ಯಾ ಯಾ, ಬಸಾ,’ ಅಂತ ಮರಾಠಿಯಲ್ಲೇ ಕರೆದು ಕೂಡಿಸಿದರು. ‘ಹೊಳಪಿಂದೇ ಬೇಕಲಾ ಯಾವತ್ತಿನಂಗ?’

‘ಹೊಳಪು ಬ್ಯಾಡ್ರಿ. ಗಾಜಿಲ್ಲದೇ ಗ್ವಾಡಿ ಮ್ಯಾಲ ನಿಲ್ಲೂವಂಥಾದ್ದು ತೋರಸ್ರಿ. ಬಾಗಿಲ ಬೆಳಕು ಬಿದ್ದರೂ ಮಾರಿ ಕಾಣಬೇಕು.’

ಮೂರು ಥರ ತೆಗೆದು ಇಟ್ಟರು. ಒಂದು ನುಣುಪಾದ ಮಂದ ಕಾಗದ. ಇನ್ನೊಂದು ಹಳೆಯ ಡಾರ್ಕ್‌ರೂಮಿನ ಕಾಗದದ ಹಾಗೆ, ಒಳಗಿನಿಂದ ಮಿನುಗುವಂಥದ್ದು. ಕರಿ ಬಣ್ಣ ಅದರಲ್ಲಿ ಬಾವಿಯಷ್ಟು ಆಳ ಬರುತ್ತದೆ, ಆದರೆ ಓರೆಯಲ್ಲಿ ಹಿಡಿದರೆ ಝಳಪು ಇದ್ದೇ ಇದೆ. ಮೂರನೆಯದು ಅರಳೆಯಿಂದ ಮಾಡಿದ್ದು. ಕಣ್ಣು ಮುಚ್ಚಿ ಮುಟ್ಟಿದೆ. ಬಹಳ ಸಲ ಒಗೆದ ಖಾದಿಯ ಹಾಗಿತ್ತು. ಬಾಗಿಲಿಗೆ ಒಯ್ದು ಓರೆ ಹಿಡಿದೆ, ಬೆಳಕನ್ನು ಕುಡಿದುಬಿಟ್ಟಿತು. ಬಿಳುಪು ಕೂಡ ಕಣ್ಣಿಗೆ ಹೊಡೆಯುವ ಬಿಳುಪಲ್ಲ, ಹಾಲಿನ ಕೆನೆಯದು.

ರೇಟು ಕೇಳಿದೆ, ಚೌಕಾಸಿ ಶುರು ಮಾಡಿದೆ. ಬಹಳ ಹೊತ್ತು ಜಗ್ಗಾಡಿದೆವು.

‘ಯಾವ ಗಿರಾಕಿದಪಾ ಇದು?’ ಅಂದರು.

‘ಮನೀದರಿ. ನಮ್ಮ ಅಕ್ಕಂದು.’

ಅವರಿಗೆ ಸುದ್ದಿ ಗೊತ್ತಿತ್ತು. ‘ಅಂಥಾದ್ದಕ್ಕೂ ಕೊಸರಾಡ್ತೀ ಅಲ್ಲೋ ಮಾರಾಯಾ.’

‘ಕೊಸರಾಡಲಿಲ್ಲಂದ್ರ ಬೈತಿದ್ದಳ್ರಿ ಆಕಿ.’

ಅವರು ನಕ್ಕರು. ನಾನೂ ನಗಲು ಹೋದೆ, ಆಗಲಿಲ್ಲ. ಹಾಳೆಗಳ ಕಡೆ ನೋಡದೆ ಬೀದಿಯ ಕಡೆ ನೋಡುತ್ತ ನಿಂತೆ. ಅವರು ನಾನು ಕೇಳಿದ ರೇಟಿಗೇ ಕಟ್ಟಿಕೊಟ್ಟರು.

ಮೂರೂ ಕಾಗದದ ಮೇಲೆ ಅಚ್ಚು ಹಾಕಿದೆ. ಅರಳೆ ಕಾಗದಕ್ಕೆ ಮಂದ ಕಪ್ಪು ಶಾಯಿಯೇ ಬೇರೆ, ಹೊಳಪಿನದು ಹಾಕಿದರೆ ಕಪ್ಪೆಲ್ಲ ಬೂದಿಯಾಗುತ್ತದೆ, ನೆನಪಿಡಿ. ಈ ಸಲ ಬೆಳ್ಳಗೆ ಮಾಡಲಿಲ್ಲ. ಹುಲ್ಲಿನ ಎಳೆ ಹಾಗೇ ಬಿಟ್ಟೆ. ಕಾರ್ಖಾನೆ ಕಬ್ಬು ಅರೆಯುವ ಕಾಲ, ಗಾಳಿಯಲ್ಲಿ ಕರಿ ಬೂದಿ ಹಾರುತ್ತಿತ್ತು. ಕಿಟಕಿ ಎಲ್ಲ ಮುಚ್ಚಿ, ಒಂದು ದಿನ ಪೂರ್ತಿ ಒಣಗಲು ಬಿಟ್ಟೆ.

ಊರಿಗೆ ಒಯ್ದು ಅವ್ವನ ಹೊರಸಿನ ಮೇಲೆ ಮೂರನ್ನೂ ಹರವಿದೆ. ಮೊದಲನೆಯದಕ್ಕೆ ‘ಲಗ್ನಪತ್ರಿಕಿ ಆಗೈತಿ’ ಅಂದಳು. ಎರಡನೆಯದನ್ನು ಕಣ್ಣಿಗೆ ಕೈ ಅಡ್ಡ ಮಾಡಿ ದೂರ ಸರಿಸಿದಳು. ಮೂರನೆಯದರ ಮೇಲೆ ಬಾಗಿ ಬಹಳ ಹೊತ್ತು ನೋಡಿದಳು.

‘ಬಿಸಲಾಗ ನಿಂತಾಳ’ ಅಂದಳು. ‘ತಲಿಯಾಗ ಹುಲ್ಲ ನೋಡು ಆಕೀದು. ಕೊಡವಿಕೊಳ್ಳವಾ ಅಂತ ದಿನಾ ಹೇಳ್ತಿದ್ದೆ.’

ನನಗೆ ಅಷ್ಟು ಸಾಕಾಗಿತ್ತು. ಆದರೂ ಧಂದೆಯವನ ಬಾಯಿ, ಕೇಳಿಬಿಟ್ಟೆ. ‘ಹಣಿ ಖಾಲಿ ಐತೆವ್ವಾ. ಕಂಪ್ಯೂಟರದಾಗ ಒಂದೀಟ ಕುಂಕುಮ ಹಚ್ಚಲೇನು?’

ಅವ್ವ ಫೋಟೋದಿಂದ ಕಣ್ಣು ತೆಗೆಯಲಿಲ್ಲ. ‘ಬ್ಯಾಡ. ಹೆಂಗಿದ್ಲೋ ಹಂಗ ಇರಲಿ. ನಿಮ್ಮತ್ತಿ ಬರತಾಳ, ಮಂದಿ ಬರತೈತಿ.’

ಗಾಜಿಲ್ಲದೆ ಚೌಕಟ್ಟು ಹಾಕಿದೆ. ಕೈ ಹಚ್ಚಬೇಡ, ಒದ್ದೆ ಬಟ್ಟೆ ತಾಗಿಸಬೇಡ, ಧೂಳು ಕೂತರೆ ಒಣ ಕುಂಚದಿಂದ ಮೆಲ್ಲಗೆ ಜಾಡಿಸು ಅಂತ ಹೇಳಿ ಬಂದೆ. ಹೂಂ ಅಂದಳು. ಇನ್ನೊಂದು ಪ್ರತಿಯನ್ನು ಚಿಕ್ಕೋಡಿಯಲ್ಲಿ ಅಚ್ಚು ಹಾಕಿ ಚಪ್ಪಟೆ ಡಬ್ಬಿಯಲ್ಲಿ ಇಟ್ಟೆ. ಒಂದು ಕೆಟ್ಟರೆ ಇನ್ನೊಂದು ಇರಲಿ ಅನ್ನುವುದು ನನ್ನ ಪದ್ಧತಿ.

ವರ್ಷದ ಪೂಜೆಯ ದಿನ ಮುಂಜಾನೆ ಬೇಗ ಹೋದೆ. ಡಬ್ಬಿ ಕಾರಿನಲ್ಲೇ ಇತ್ತು. ಪಡಸಾಲೆಯಲ್ಲಿ ಅವ್ವ ಗೋಡೆಗೆ ಆತು ನೆಲದ ಮೇಲೆ ಕೂತಿದ್ದಳು, ಫೋಟೋ ತೊಡೆಯ ಮೇಲೆ ಅಂಗಾತ ಇತ್ತು, ಕೈಯಲ್ಲಿ ಒದ್ದೆ ಬಟ್ಟೆ.

ಅಕ್ಕನ ಹಣೆಯ ನಟ್ಟನಡುವೆ ಕುಂಕುಮ. ಒಂದು ದಿನದ್ದಲ್ಲ ಅದು, ಮೇಲಿಂದ ಮೇಲೆ ಹಚ್ಚಿ ಕಾಗದದ ಎಳೆಯೊಳಗೆ ಇಳಿದದ್ದು. ಅದರ ಸುತ್ತ ಒದ್ದೆ ಬಟ್ಟೆ ತಿಕ್ಕಿ ಕಾಗದದ ಜುಂಗು ಎದ್ದಿತ್ತು, ಹಣೆಯ ಬಣ್ಣ ಕೆನ್ನೆಯವರೆಗೆ ಇಳಿದಿತ್ತು.

‘ಹೋಗವಲ್ದೋ ಯಪ್ಪಾ’ ಅಂದಳು. ತಪ್ಪು ಮಾಡಿದ ಹುಡುಗಿಯ ದನಿ. ‘ಶುಕ್ರವಾರಕ್ಕೊಮ್ಮೆ ಹಚ್ಚತಿದ್ದೆ. ಮಂದಿ ಬರೂ ಮುಂದ ಒರಸಿದರಾತು ಅಂತ ತಿಳಿದಿದ್ದೆ. ಎಲ್ಲಾರ ಮನ್ಯಾಗ ಒರಸ್ತಾರಲ್ಲ.’

ಎಲ್ಲರ ಮನೆಯಲ್ಲಿ ಗಾಜು ಇರುತ್ತದೆ. ಬೆಳಕು, ಶಾಯಿ, ಬೂದಿ, ಎಲ್ಲ ಲೆಕ್ಕ ಹಾಕಿದ್ದೆ. ಕುಂಕುಮದ ಬೆರಳೊಂದು ಬರುತ್ತದೆ ಅಂತ ನಾನು ಲೆಕ್ಕ ಹಾಕಿರಲಿಲ್ಲ. ಈ ಮನೆಯಲ್ಲಿ, ಈ ಹಣೆಗೆ, ಆ ಕೈಯಿಂದ ಬರುತ್ತದೆ ಅಂತ ಯಾರು ಲೆಕ್ಕ ಹಾಕುತ್ತಿದ್ದರು?

ಕಾರಿಗೆ ಹೋಗಿ ಡಬ್ಬಿ ತಂದೆ. ಎರಡನೆಯ ಪ್ರತಿ ತೆಗೆದು ಅವಳ ಮುಂದೆ ಇಟ್ಟೆ. ಅದೇ ಬಿಸಿಲು, ಅದೇ ನಗು, ಹಣೆ ಖಾಲಿ.

‘ಚಿಂತಿ ಮಾಡಬ್ಯಾಡವ್ವಾ. ಹೊಸಾದ ಐತಿ. ಈಗ ಬದಲ ಮಾಡಿಬಿಡತೇನಿ, ಅತ್ತಿ ಬರೂದರಾಗ.’

ಚೌಕಟ್ಟು ಬಿಚ್ಚಲು ಕೈ ಚಾಚಿದೆ. ಅವ್ವ ಹಾಳಾದ ಫೋಟೋವನ್ನು ಎದೆಗೆ ಅವಚಿಕೊಂಡಳು.

‘ಬ್ಯಾಡ.’

‘ಯಾಕವ್ವಾ?’

‘ಒಮ್ಮೆ ಒರಸೇನಿ ನಾನು’ ಅಂದಳು. ‘ಮತ್ತ ಒರಸಬ್ಯಾಡೋ ಆಕೀನ.’

ನಾನು ಅಲ್ಲೇ ಕೂತೆ. ಅವಳ ಕೈಯಿಂದ ಒದ್ದೆ ಬಟ್ಟೆ ಬಿಡಿಸಿಕೊಂಡೆ. ಒಣ ಕುಂಚದಿಂದ ಜುಂಗು ಜಾಡಿಸಿದೆ, ಕುಂಕುಮದ ಹತ್ತಿರ ಹೋಗದ ಹಾಗೆ. ಇಬ್ಬರೂ ಸೇರಿ ಏರಿಸಿದೆವು. ಡಬ್ಬಿಯನ್ನು ಕಾರಿನ ಸೀಟಿನ ಕೆಳಗೆ ತಳ್ಳಿ ಬಂದೆ.

ಹೊತ್ತು ಏರಿದ ಮೇಲೆ ಅತ್ತೆ ಬಂದಳು. ಈಗ ಕೋಲು ಹಿಡಿದು ನಡೆಯುತ್ತಾಳೆ. ಪಡಸಾಲೆಗೆ ಕಾಲಿಡುತ್ತಲೇ ಫೋಟೋ ನೋಡಿದಳು. ಅವಳಿಗೂ ಝಳಪು ಅಡ್ಡ ಬರಲಿಲ್ಲ, ಅಷ್ಟು ಒಳ್ಳೆಯ ಕಾಗದ ಅದು.

‘ಏನವಾ ಇದು? ರಂಡಮುಂಡಿಗೆ ಕುಂಕುಮ ಹಚ್ಚೀರಿ?’

ಅವ್ವ ತಲೆ ತಗ್ಗಿಸಲಿಲ್ಲ. ‘ಹತ್ತೇತ್ರಿ. ಹೋಗವಲ್ದು’ ಅಂದಳು.

ಅತ್ತೆ ನನ್ನ ಕಡೆ ತಿರುಗಿದಳು. ‘ನೀ ಫೋಟೋದಾಂವ ಅದೀ ಅಲ್ಲೋ? ಇಷ್ಟ ತಗ್ಯಾಕ ಬರೂದಿಲ್ಲೇನು ನಿನಗ? ಬ್ಯಾರೇದರ ತಂದ ಹಾಕು.’

ನಾನು ಅತ್ತೆಯ ಮುಖ ನೋಡಲಿಲ್ಲ, ಫೋಟೋದ ಕಡೆಯೂ ನೋಡಲಿಲ್ಲ. ಬಾಗಿಲ ಹೊರಗೆ ನೋಡಿದೆ. ಬಣವೆ ಇದ್ದ ಜಾಗದಲ್ಲಿ ಈಗ ಬರೀ ನೆಲ.

‘ಬರೂದಿಲ್ಲತ್ತಿ’ ಅಂದೆ. ‘ಈ ಕಾಗದದ ಗುಣ ಹಂಗ ಐತಿ. ಒಮ್ಮೆ ಹತ್ತಿತಂದ್ರ ಹತ್ತಿತು. ಬ್ಯಾರೇದು ಇಲ್ಲ.’