ಆಕಳಿಸಿದಲ್ಲಿಗೆ ಕತೆ ಮುಗಿಯಿತು
ಮಕ್ಕಳ ಸಾಹಿತಿ ಎಂದು ಹೆಸರಾದ ಮತ್ತೋಡಿನ ಜುಂಜಯ್ಯ ಮೇಷ್ಟ್ರು ಬರೆದದ್ದಕ್ಕಿಂತ ಹೊಡೆದುಹಾಕಿದ್ದೇ ಹೆಚ್ಚು. ದೀಪ ಹಚ್ಚುವ ಹೊತ್ತಿಗೆ ಕುರಿ ಕಾಯುವ ಮಕ್ಕಳನ್ನು ಜಗಲಿಯಲ್ಲಿ ಕೂರಿಸಿಕೊಂಡು ಹಸ್ತಪ್ರತಿ ಓದುವರು. ಯಾವ ಸಾಲಿಗೆ ಒಂದು ಮಗು ಆಕಳಿಸಿತೋ ಅಲ್ಲಿಗೆ ಕತೆ ಮುಗಿಯಿತು. ಹೆಂಡತಿ ಜುಂಜಮ್ಮ ಕೆಂಪು ಪೆನ್ಸಿಲ್ ಚಾಚಬೇಕು, ಇವರು ಮಿಕ್ಕಿದ್ದಕ್ಕೆಲ್ಲ ಗೆರೆ ಎಳೆಯಬೇಕು. ಮೊದಲು ರಾಜ ಹೋದ, ಆಮೇಲೆ ಮಂತ್ರಿ. ರಾಕ್ಷಸನಂತೂ ಬಾಗಿಲಲ್ಲೇ ಸತ್ತ. ಪಂಡಿತರೊಬ್ಬರು ಹೊಗಳಿದ ಪುಟವನ್ನೂ ಹೊಡೆದು, “ದೊಡ್ಡೋರಿಗೆ ಹಿಡಿಸ್ತು ಅಂದ್ರೆ ಏನೋ ಕೆಟ್ಟೈತೆ ಕಣೇ” ಎಂದಿದ್ದರು. ಹೀಗೆ ಇಪ್ಪತ್ತು ವರ್ಷ ದುಡಿದು, ಆರು ಕಾದಂಬರಿಗಳಿಂದ ಉಳಿಸಿದ್ದು ಹದಿನಾರು ಪುಟದ ಒಂದು ಪುಸ್ತಕ. ಎಪ್ಪತ್ತಾರನೇ ವಯಸ್ಸಿನಲ್ಲಿ ಅವರು ತೀರಿಕೊಂಡಾಗ, ಹೊಸದುರ್ಗದ ಸಂತಾಪ ಸಭೆಯಲ್ಲಿ ಅಧ್ಯಕ್ಷರು ಆ ಹದಿನಾರು ಪುಟದ ಮೇಲೆ ಎರಡು ಗಂಟೆ ಮಾತಾಡಿದರು. ಮುಂದಿನ ಸಾಲಿನ ಮಗುವೊಂದು ಆಕಳಿಸಿತು. ಜುಂಜಮ್ಮನ ಕೈ ತಾನಾಗಿ ಪೆನ್ಸಿಲ್ ತಡಕಿತು. ಸಭೆ ಮುಗಿದ ಮೇಲೆ, ಒಂದು ಕಾಲಕ್ಕೆ ಆ ಜಗಲಿಯಲ್ಲಿ ಕೂತಿದ್ದ, ಈಗ ಮೀಸೆ ಹೊತ್ತ ಪಾಲಣ್ಣ ಹತ್ತಿರ ಬಂದು ತಲೆ ತಗ್ಗಿಸಿ, “ಕತೆ ಬ್ಯಾಸರಾಗಿ ಆಕಳಿಸ್ತಿರಲಿಲ್ಲಮ್ಮ. ಕುರಿ ಹೊಡ್ಕಂಡು ಹೋಗಾಕೆ ಕೋಳಿ ಕೂಗೋಕೂ ಮೊದ್ಲೇ ಎದ್ದಿರ್ತಿದ್ವಿ” ಎಂದ. “ಅವ್ರಿಗೆ ಗೊತ್ತಿತ್ತಪ್ಪ,” ಎಂದರು ಜುಂಜಮ್ಮ. “ಕತೆ ಇನ್ನೂ ಐತೆ ಅಂದಿದ್ರೆ ನೀವು ಮಲಗಾಕೆ ಹೋಗ್ತಿದ್ರಾ?”